ಒಂದೇ ‘ಪಿಕ್ ಅಪ್’ ಹಿಡಿದು ಇಂಗ್ಲಿಷ್ ಮಾತಾಡಿದ ನನ್ನ ಅನುಭವ

ಗೆಟ್ ಅಪ್, ಪುಟ್ ಆಫ್, ಲುಕ್ ಆಫ್ಟರ್. ಕ್ರಿಯಾಪದಕ್ಕೆ ಅಪ್, ಆಫ್ ಥರದ ಸಣ್ಣ ಪದ ಸೇರಿ ಬೇರೆ ಅರ್ಥ ಕೊಡುವ ಇಂಥ ಫ್ರೇಸಲ್ ವರ್ಬ್‌ಗಳನ್ನು ಪಟ್ಟಿ ಮಾಡಿ ಬಾಯಿಪಾಠ ಮಾಡಿದರೆ ಪರೀಕ್ಷೆಗೆ ಸಾಕು, ಮಾತಿಗೆ ಸಾಲದು. ನಾನು ಕೊಡಗಿನ ಸಿದ್ದಾಪುರದ ಹತ್ತಿರ ಸಣ್ಣ ಹೋಂಸ್ಟೇ ನಡೆಸುತ್ತೇನೆ, ಜೊತೆಗೆ ಸ್ವಲ್ಪ ರೊಬಸ್ಟಾ ಕಾಫಿ ತೋಟ ಇದೆ. ಹೊರ ರಾಜ್ಯದವರು ಬರುತ್ತಾರೆ, ಇಂಗ್ಲಿಷ್ ಬೇಕೇ ಬೇಕು. ಹಾಗಾಗಿ ಪಟ್ಟಿಯನ್ನು ಬದಿಗಿಟ್ಟು ‘ಪಿಕ್ ಅಪ್’ ಒಂದನ್ನೇ ಹಿಡಿದುಕೊಂಡೆ. ಅವತ್ತಿನ ಕೆಲಸದಲ್ಲಿ ಅದು ಎಲ್ಲೆಲ್ಲಿ ಬರುತ್ತದೋ ಅಲ್ಲೆಲ್ಲ ಜೋರಾಗಿ ಒಂದು ವಾಕ್ಯ ಹೇಳುವುದು, ಅಷ್ಟೇ. ಕಲ್ಪಿಸಿದ ವಾಕ್ಯ ಬೇಡ. ನಿಜವಾಗಿ ನಡೆದದ್ದೇ ಆಗಬೇಕು.

ಇದನ್ನೇ ಯಾಕೆ ಹಿಡಿದೆ ಅಂದರೆ, ಕೊಡಗಿಗೆ ರೈಲು ಇಲ್ಲ. ಮೈಸೂರಲ್ಲಿ ಇಳಿದರೆ ಮಡಿಕೇರಿಗೆ ಇನ್ನೂ ಸುಮಾರು 120 ಕಿಲೋಮೀಟರ್. 2018ರ ಡಿಸೆಂಬರಿನಲ್ಲಿ ಕಣ್ಣೂರು ವಿಮಾನ ನಿಲ್ದಾಣ ಶುರುವಾದ ಮೇಲೆ ಕೆಲವರು ಮಾಕುಟ್ಟ ಘಾಟಿಯ ಕಡೆಯಿಂದ ವಿರಾಜಪೇಟೆಗೆ ಬರುತ್ತಾರೆ. ಎಲ್ಲಿಂದ ಬಂದರೂ ಅವರು ಮೊದಲು ಕೇಳುವುದು ಒಂದೇ, ಕರೆದುಕೊಂಡು ಹೋಗಲು ಯಾರು ಬರುತ್ತಾರೆ? ‘ಐ ವಿಲ್ ಪಿಕ್ ಯು ಅಪ್ ಅಟ್ ಸಿಕ್ಸ್.’ ಆರು ಗಂಟೆಗೆ ನಿಮ್ಮನ್ನು ಕರೆದುಕೊಂಡು ಹೋಗಲು ಬರುತ್ತೇನೆ. ಈ ಒಂದು ವಾಕ್ಯ ಸಲೀಸಾಗಿ ಬಂದರೆ ಫೋನಿನಲ್ಲಿ ಅರ್ಧ ಭಯ ಹೋಗುತ್ತದೆ.

ನಮ್ಮ ಜೀಪ್ ಓಡಿಸುವ ಹುಡುಗನೂ ನನ್ನ ಜೊತೆ ಕಲಿಯಲು ಸೇರಿಕೊಂಡ. ಅವನು ಕೇಳಿದ್ದು ಒಳ್ಳೆಯ ಪ್ರಶ್ನೆ: “ಅಕ್ಕ, ಪಿಕ್ ಅಪ್ ಗೆಸ್ಟ್ಸ್ ಅನ್ನಬಹುದು, ಪಿಕ್ ಅಪ್ ದೆಮ್ ಅಂದರೆ ಯಾಕೆ ಸರಿಯಿಲ್ಲ?” ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಮಾತಿನಲ್ಲಿ ಜಾಸ್ತಿ ತೊಡಕಾಗುವುದು ಇಲ್ಲೇ. ಹೆಸರು ಹೇಳುವಾಗ ಎರಡೂ ಸರಿ: ‘ಪಿಕ್ ಅಪ್ ದ ಗೆಸ್ಟ್ಸ್’, ‘ಪಿಕ್ ದ ಗೆಸ್ಟ್ಸ್ ಅಪ್’. ಆದರೆ ಯು, ಹಿಮ್, ಹರ್, ದೆಮ್, ಇಟ್ ಬಂದರೆ ಅವು ನಡುವೆಯೇ ಕೂರಬೇಕು: ‘ಪಿಕ್ ದೆಮ್ ಅಪ್’. ಬೇರೆ ದಾರಿ ಇಲ್ಲ. ಹೆಸರು ತುಂಬ ಉದ್ದವಾದರೆ, ಅಂದರೆ ಎರಡು ರೂಮು ಬುಕ್ ಮಾಡಿದ ಹೈದರಾಬಾದಿನ ಕುಟುಂಬ ಅಂತೆಲ್ಲ ಹೇಳಬೇಕಾದರೆ, ‘ಪಿಕ್ ಅಪ್’ ಒಟ್ಟಿಗೆ ಹೇಳಿ ಮುಗಿಸಿ ಆಮೇಲೆ ಅದನ್ನೆಲ್ಲ ಹೇಳುವುದೇ ಸುಲಭ. ಅವನಿಗೆ ನಿಯಮ ಬರೆಸಲಿಲ್ಲ. ಬಸ್ ಸ್ಟ್ಯಾಂಡಿಗೆ ಹೊರಡುವಾಗ ‘ಐ ವಿಲ್ ಪಿಕ್ ದೆಮ್ ಅಪ್’ ಅಂತ ಹೇಳಿಯೇ ಕೀ ತೆಗೆದುಕೊಳ್ಳಬೇಕು, ಬಂದ ಮೇಲೆ ‘ಐ ಪಿಕ್ಟ್ ದೆಮ್ ಅಪ್’ ಅನ್ನಬೇಕು ಅಂತ ಒಪ್ಪಂದ ಮಾಡಿಕೊಂಡೆವು. ಬರೆಯುವಾಗ ಕೊನೆಯಲ್ಲಿ ‘ಇಡಿ’ ಅಕ್ಷರಗಳಿದ್ದರೂ ಉಚ್ಚಾರ ‘ಪಿಕ್ಟ್’, ‘ಪಿಕ್ಕೆಡ್’ ಅಲ್ಲ.

ತೋಟದಲ್ಲಂತೂ ಇದು ಇನ್ನೂ ಚೆನ್ನಾಗಿ ತಲೆಗೆ ಹತ್ತಿತು. ರೊಬಸ್ಟಾ ಕೊಯ್ಲಿನ ಸಮಯದಲ್ಲಿ ಅತಿಥಿಗಳು ಕಣದ ಹತ್ತಿರ ನಿಂತು ಏನು ಮಾಡುತ್ತಿದ್ದಾರೆ ಅಂತ ಕೇಳುತ್ತಾರೆ. ಗಿಡದಿಂದ ಹಣ್ಣು ಕೊಯ್ಯುವುದು ಬರೀ ‘ಪಿಕ್’. ನೆಲಕ್ಕೆ ಉದುರಿದ್ದನ್ನು ಹೆಕ್ಕುವುದು ‘ಪಿಕ್ ಅಪ್’. ‘ದೇ ಪಿಕ್ ದ ರೈಪ್ ಬೆರೀಸ್, ದೆನ್ ದೇ ಪಿಕ್ ಅಪ್ ದ ಫಾಲನ್ ಒನ್ಸ್.’ ಬಿದ್ದದ್ದನ್ನು ಯಾಕಿಷ್ಟು ಕಷ್ಟಪಟ್ಟು ಹೆಕ್ಕುತ್ತೀರಿ ಅಂತ ಮುಂದಿನ ಪ್ರಶ್ನೆ ಬಂದೇ ಬರುತ್ತದೆ. ಕಾಯಿಕೊರಕದ ಹುಳ, ಇಂಗ್ಲಿಷಿನಲ್ಲಿ ‘ಬೋರರ್’, ಆ ಉಳಿದ ಹಣ್ಣಿನೊಳಗೇ ಬದುಕಿಕೊಂಡು ಮುಂದಿನ ಫಸಲಿಗೆ ಹತ್ತುತ್ತದೆ. ನಮ್ಮ ದೇಶದಲ್ಲಿ ಅದು ಮೊದಲು ಕಂಡದ್ದು 1990ರಲ್ಲಿ, ನೀಲಗಿರಿಯ ಗೂಡಲೂರು ಕಡೆ, ಆಮೇಲೆ ಕೊಡಗಿಗೂ ಬಂತು. ‘ಇಫ್ ವಿ ಡೋಂಟ್ ಪಿಕ್ ದೆಮ್ ಅಪ್, ದ ಬೋರರ್ ಸ್ಟೇಸ್.’ ನೋಡಿ, ‘ದೆಮ್’ ಮತ್ತೆ ನಡುವೆ ಬಂತು. ತೋಟದವರಿಗೆ ಇದಕ್ಕಿಂತ ಒಳ್ಳೆಯ ಅಭ್ಯಾಸ ನನಗೆ ಗೊತ್ತಿಲ್ಲ, ಏಕೆಂದರೆ ಕೊಯ್ಯುವುದಕ್ಕೂ ಹೆಕ್ಕುವುದಕ್ಕೂ ವ್ಯತ್ಯಾಸ ನಮ್ಮ ಕೈಗೇ ಗೊತ್ತು.

ಫೋನ್ ವಿಷಯ ಬೇಗ ಹೇಳಿಬಿಡುತ್ತೇನೆ. ಫೋನ್ ಎತ್ತುತ್ತಿಲ್ಲ ಅಂತ ನಾವು ಹೇಳುವುದರಿಂದ ಬಾಯಿಗೆ ‘ಲಿಫ್ಟ್’ ಬರುತ್ತದೆ. ‘ಹಿ ಈಸ್ ನಾಟ್ ಪಿಕಿಂಗ್ ಅಪ್’ ಅಂದರೆ ಮುಗಿಯಿತು, ಫೋನ್ ಅನ್ನುವ ಪದವೂ ಬೇಡ.

ಮೇಲೆತ್ತುವುದಕ್ಕೆ ಸಂಬಂಧವೇ ಇಲ್ಲದ ಅರ್ಥಗಳೂ ಇವೆ, ನನಗೆ ಅವೇ ಜಾಸ್ತಿ ಇಷ್ಟ. ಕೊಡಗಿನಲ್ಲಿ ಒಬ್ಬೊಬ್ಬರ ಬಾಯಲ್ಲಿ ಎಷ್ಟು ಭಾಷೆ! ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ತುಳು, ಕನ್ನಡ, ಈಗ ತೋಟದ ಕೆಲಸಕ್ಕೆ ಅಸ್ಸಾಮಿನವರು ಬಂದ ಮೇಲೆ ಹಿಂದಿ. ಇದನ್ನೆಲ್ಲ ಯಾರೂ ಕ್ಲಾಸಿಗೆ ಹೋಗಿ ಕಲಿತದ್ದಲ್ಲ, ಕೇಳಿ ಕೇಳಿ ಬಂದದ್ದು. ಅದಕ್ಕೂ ‘ಪಿಕ್ ಅಪ್’ ಅನ್ನುತ್ತಾರೆ: ‘ಐ ಪಿಕ್ಟ್ ಅಪ್ ಮಲಯಾಳಂ ಫ್ರಮ್ ಮೈ ನೇಬರ್ಸ್.’ ಈ ವಾಕ್ಯವನ್ನು ಭಾಷೆಯ ಹೆಸರು ಬದಲಿಸಿ ಲೈನ್ ಮನೆಯ, ಅಂದರೆ ತೋಟದ ಕೆಲಸಗಾರರ ಸಾಲು ಮನೆಗಳ, ಮಕ್ಕಳಿಂದ ಹೇಳಿಸಿದೆ, ತಟ್ಟನೆ ಕಲಿತರು. ಇನ್ನು ಮಳೆಗಾಲ ಬಂದರೆ ವಾಕ್ಯಗಳಿಗೆ ಬರವೇ ಇಲ್ಲ. ‘ದ ವಿಂಡ್ ಈಸ್ ಪಿಕಿಂಗ್ ಅಪ್’, ಗಾಳಿ ಜೋರಾಗುತ್ತಿದೆ. ‘ಬುಕಿಂಗ್ಸ್ ಪಿಕ್ ಅಪ್ ಇನ್ ಅಕ್ಟೋಬರ್’, ಮಳೆ ಹಿಂದೆ ಸರಿದ ಮೇಲೆ ಜನ ಮತ್ತೆ ಬರಲು ಶುರು. ಇಲ್ಲಿ ಯಾರೂ ಯಾವುದನ್ನೂ ಎತ್ತುತ್ತಿಲ್ಲ, ಅದೇ ಏರುತ್ತಿದೆ, ಅಲ್ವಾ? ಹಾಗಾಗಿ ನಡುವೆ ಕೂರಿಸಲು ಏನೂ ಇಲ್ಲ.

ನಮ್ಮ ಹುಡುಗನಿಗೆ ಈ ಅರ್ಥ ಮೊದಲೇ ಗೊತ್ತಿತ್ತು. ಗಾಡಿಗೆ ಪಿಕಪ್ ಇಲ್ಲ ಅಂತ ದಿನಾ ಹೇಳುವವನು ಅವನು! ಗೊಬ್ಬರ ತರುವ ಗಾಡಿಯೂ ಪಿಕಪ್ಪೇ. ಇವೆಲ್ಲ ಹೆಸರುಗಳು, ಒಂದೇ ಪದದಂತೆ ಹೇಳಿ ಒತ್ತನ್ನು ‘ಪಿಕ್’ ಮೇಲೆ ಹಾಕಬೇಕು. ಕೆಲಸ ಹೇಳುವಾಗ, ಅದರಲ್ಲೂ ‘ಪಿಕ್ ದೆಮ್ ಅಪ್’ ಅನ್ನುವಾಗ, ಒತ್ತು ‘ಅಪ್’ ಮೇಲೆ ಬೀಳುತ್ತದೆ. ಹೀಗೆ ಹೇಳಲು ಶುರು ಮಾಡಿದ ಮೇಲೆ ಅತಿಥಿಗಳು ಮತ್ತೊಮ್ಮೆ ಹೇಳಿ ಅಂತ ಕೇಳುವುದು ಕಡಿಮೆಯಾಯಿತು.

ಈಗ ನಾವಿಬ್ಬರೂ ‘ಡ್ರಾಪ್ ಆಫ್’ ಹಿಡಿದಿದ್ದೇವೆ. ಕರೆದುಕೊಂಡು ಬಂದವರನ್ನು ವಾಪಸ್ ಬಿಡಲೇಬೇಕಲ್ಲ. ನಿಯಮವೂ ಅದೇ: ‘ಐ ವಿಲ್ ಡ್ರಾಪ್ ಯು ಆಫ್ ಅಟ್ ದ ಬಸ್ ಸ್ಟ್ಯಾಂಡ್.’