ವಿದೇಶಕ್ಕೆ ಹೊರಡುವ ಮುನ್ನ ಪೋಸ್ಟ್‌ಪೇಯ್ಡ್ ಸಿಮ್‌ಗೆ ಕಡಿವಾಣ

ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೋದವರ ಬಿಲ್ ಸಾವಿರಗಟ್ಟಲೆ ಏರುವುದು ಬಹುಪಾಲು ಅವರು ಮಾತಾಡಿದ್ದಕ್ಕಲ್ಲ, ಜೇಬಿನಲ್ಲಿದ್ದ ಫೋನ್ ತಾನಾಗೇ ಮಾಡಿದ ಕೆಲಸಕ್ಕೆ. ವಿಮಾನ ಇಳಿದು ಸಿಗ್ನಲ್ ಸಿಕ್ಕಿತೆಂದರೆ ವಾಟ್ಸ್ಆ್ಯಪ್ ವಿಡಿಯೊ, ಇಮೇಲ್, ಆ್ಯಪ್ ಅಪ್‌ಡೇಟ್ ಎಲ್ಲ ಒಟ್ಟಿಗೆ ನುಗ್ಗುತ್ತವೆ. ವಿದೇಶದ ಬಳಕೆಗೆಂದು ಕೊಳ್ಳುವ ರೋಮಿಂಗ್ ಪ್ಯಾಕ್ ಇಲ್ಲದಿದ್ದರೆ ಡೇಟಾ ಲೆಕ್ಕ ಜಿಬಿಯಲ್ಲಿ ನಡೆಯುವುದಿಲ್ಲ. 10 ಕೆಬಿಗೆ 1 ರೂಪಾಯಿ ಎಂದಿಟ್ಟುಕೊಳ್ಳಿ: 20 ಎಂಬಿಗೆ 2,048 ರೂಪಾಯಿ, ಮೇಲೆ ಶೇ 18 ಜಿಎಸ್‌ಟಿ. ಗ್ರೂಪಿಗೆ ಬಂದ ಒಂದೆರಡು ವಿಡಿಯೊಗೇ ಅಷ್ಟು ಎಂಬಿ ಬೇಕು.

ಆದ್ದರಿಂದ ಮನೆ ಬಿಡುವ ಮೊದಲೇ ಸೆಟ್ಟಿಂಗ್ಸ್‌ಗೆ ಹೋಗಿ ಭಾರತದ ಸಿಮ್‌ನ ಡೇಟಾ ರೋಮಿಂಗ್, ಅಂದರೆ ಪರದೇಶದ ನೆಟ್‌ವರ್ಕ್‌ನಲ್ಲಿ ಇಂಟರ್‌ನೆಟ್ ಬಳಕೆ, ಆಫ್ ಮಾಡಿ. ಇದರಿಂದ ಬ್ಯಾಂಕ್ ಒಟಿಪಿ ನಿಲ್ಲುವುದಿಲ್ಲ. ಮೊಬೈಲ್ ಕಂಪನಿಯ ಖಾತೆಯಲ್ಲಿ ಇಂಟರ್‌ನ್ಯಾಷನಲ್ ರೋಮಿಂಗ್ ಚಾಲೂ ಇದ್ದರೆ ಸಾಕು. ಒಳಬರುವ ಎಸ್ಸೆಮ್ಮೆಸ್ ಸಾಮಾನ್ಯವಾಗಿ ಉಚಿತ. ಒಳಬರುವ ಕರೆ ಹಾಗಲ್ಲ, ಎತ್ತಿದರೆ ದುಡ್ಡು.

ಎತ್ತದಿದ್ದರೂ ದುಡ್ಡು ಹೋಗುವ ದಾರಿಯೊಂದಿದೆ, ಅದೇ ಕಾಲ್ ಫಾರ್ವರ್ಡಿಂಗ್. ಭಾರತದಿಂದ ನಿಮ್ಮತ್ತ ಬಂದ ಕರೆ ಅಲ್ಲಿ ರಿಂಗಾಗಿ, ಉತ್ತರ ಸಿಗದೆ, ಮತ್ತೆ ಭಾರತದ ನಂಬರಿಗೋ ವಾಯ್ಸ್‌ಮೇಲಿಗೋ ತಿರುಗಿದರೆ ಹೋಗಿದ್ದಕ್ಕೂ ಬಂದಿದ್ದಕ್ಕೂ ಶುಲ್ಕ ಬೀಳಬಹುದು. ಊರಲ್ಲಿರುವಾಗಲೇ ##002# ಡಯಲ್ ಮಾಡಿದರೆ ಎಲ್ಲ ಫಾರ್ವರ್ಡಿಂಗ್ ರದ್ದು.

ಅಲ್ಲಿನ ಸಿಮ್ ಅಥವಾ ಇಸಿಮ್ (ಕಾರ್ಡ್ ಇಲ್ಲದ ಡಿಜಿಟಲ್ ಸಿಮ್) ಹಾಕಿಕೊಂಡವರೂ ನಿಶ್ಚಿಂತರಲ್ಲ. ಒಂದು ಸಿಮ್‌ನ ಸಿಗ್ನಲ್ ಕುಂದಿದಾಗ ಡೇಟಾವನ್ನು ಇನ್ನೊಂದಕ್ಕೆ ಹೊರಳಿಸುವ ಸೌಲಭ್ಯ ಈಗಿನ ಫೋನ್‌ಗಳಲ್ಲಿದೆ. ಐಫೋನ್‌ನಲ್ಲಾಗಲಿ ಆಂಡ್ರಾಯ್ಡ್‌ನಲ್ಲಾಗಲಿ ಈ ಡೇಟಾ ಸ್ವಿಚಿಂಗ್ ಆಫ್ ಇರಲಿ. ಐಫೋನ್‌ನದು ಇನ್ನೊಂದು ಸಣ್ಣ ಕಿತಾಪತಿ: ಸಿಮ್ ಹಾಕಿದಾಗ ಐಮೆಸೇಜ್, ಫೇಸ್‌ಟೈಮ್ ನೋಂದಣಿಗಾಗಿ ಸದ್ದಿಲ್ಲದೆ ಒಂದು ಅಂತರರಾಷ್ಟ್ರೀಯ ಎಸ್ಸೆಮ್ಮೆಸ್ ಹೋಗುತ್ತದೆ. ಮೊತ್ತ ಚಿಕ್ಕದು, ಬಿಲ್ಲಿನಲ್ಲಿ ಕಂಡಾಗ ಗಾಬರಿ ಬೇಡ.

ಪ್ಯಾಕ್ ಕೊಳ್ಳುವುದಾದರೆ ಬೆಲೆಗಿಂತ ಮೊದಲು ದೇಶಗಳ ಪಟ್ಟಿ ನೋಡಿ. ಬೆಂಗಳೂರಿನಿಂದ ದುಬೈ ಅಥವಾ ದೋಹಾ ಮೂಲಕ ಹೋಗುವವರು ಗಮ್ಯದ ದೇಶವನ್ನಷ್ಟೇ ನೋಡಿ ಸುಮ್ಮನಾಗುತ್ತಾರೆ. ನಡುವಿನ ದೇಶ ಪಟ್ಟಿಯಲ್ಲಿಲ್ಲದಿದ್ದರೆ ಅಲ್ಲಿ ಮುಂದಿನ ವಿಮಾನಕ್ಕೆ ಕಾಯುವ ನಾಲ್ಕು ಗಂಟೆಯಲ್ಲೇ ಕೈ ಸುಡುತ್ತದೆ. ವಿಮಾನದೊಳಗಿನ ಮತ್ತು ಕ್ರೂಸ್ ಹಡಗಿನ ನೆಟ್‌ವರ್ಕ್ ಉಪಗ್ರಹದ್ದು, ಎಷ್ಟೋ ಪ್ಯಾಕ್‌ಗಳು ಅದಕ್ಕೆ ಅನ್ವಯಿಸುವುದಿಲ್ಲ. ಅಲ್ಲಿ ಏರ್‌ಪ್ಲೇನ್ ಮೋಡ್ ಹಾಕಿ, ಬೇಕಿದ್ದರೆ ವೈಫೈ ಮಾತ್ರ ಬಳಸಿ. ಪ್ಯಾಕ್‌ಗೆ ನಿಗದಿತ ಕಂಪನಿಗಳ ನೆಟ್‌ವರ್ಕ್ ಮಾತ್ರ ಸಲ್ಲುತ್ತದೆ ಎಂದಿದ್ದರೆ ಆಟೊಮ್ಯಾಟಿಕ್ ಆಯ್ಕೆ ತೆಗೆದು ಆ ಹೆಸರನ್ನು ಕೈಯಾರೆ ಆರಿಸಿ. ಒಂದು ದಿನವೆಂದರೆ 24 ಗಂಟೆಯೋ ಮಧ್ಯರಾತ್ರಿವರೆಗೋ, ಮಧ್ಯರಾತ್ರಿಯಾದರೆ ಯಾವ ದೇಶದ್ದು, ಇದನ್ನೂ ಕೇಳಿಕೊಳ್ಳಿ. ಪ್ಯಾಕ್ ಚಾಲೂ ಆದ ಎಸ್ಸೆಮ್ಮೆಸ್ ಬಂದ ಮೇಲಷ್ಟೇ ಡೇಟಾ ರೋಮಿಂಗ್ ಆನ್ ಮಾಡಿ.

ಆ ಎಸ್ಸೆಮ್ಮೆಸ್ ಅಳಿಸಬೇಡಿ. ಫೋನ್‌ನ ರೋಮಿಂಗ್ ಡೇಟಾ ಲೆಕ್ಕದ ಸ್ಕ್ರೀನ್‌ಶಾಟ್ ಕೂಡ ದಿನಕ್ಕೊಂದು ಇರಲಿ. ಬಿಲ್ ತಪ್ಪಿದ್ದರೆ ಕಸ್ಟಮರ್ ಕೇರ್‌ಗೆ ದೂರು ಕೊಟ್ಟು ಡಾಕೆಟ್ ಸಂಖ್ಯೆ (ದೂರಿನ ನೋಂದಣಿ ಸಂಖ್ಯೆ) ಪಡೆಯಿರಿ. ಅಲ್ಲಿ ಬಗೆಹರಿಯದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗುವಾಗ ಆ ಸಂಖ್ಯೆಯನ್ನೇ ಮೊದಲು ಕೇಳುತ್ತಾರೆ.