ಮೊದಲು ನಿದ್ದೆ, ಆಮೇಲೆ ಕೋಚಿಂಗ್: ಇಬ್ಬರು ಮಕ್ಕಳು, ಮೂರು ಆಟ, ಒಂದು ಕಾರು – ನನ್ನ ಅನುಭವ

ಮನೆಯಲ್ಲಿ ಇಬ್ಬರು ಮಕ್ಕಳು, ಮೂರು ಆಟ: ಈಜು, ಬ್ಯಾಡ್ಮಿಂಟನ್, ಫುಟ್‌ಬಾಲ್. ದುಡಿಯುವವರು ಇಬ್ಬರು, ಕಾರು ಒಂದು. ಇಷ್ಟರಲ್ಲೇ ವಾರಕ್ಕೊಂದು ಸಂಜೆ ಪೂರ್ತಿ ಖಾಲಿ ಇಡುತ್ತೇನೆ, ವಾರದಲ್ಲಿ ನಾಲ್ಕು ರಾತ್ರಿಯಾದರೂ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂರುತ್ತೇವೆ ಎಂದಾಗ ಜೊತೆಯ ಪೋಷಕರು ಯಾರೂ ನಂಬಲಿಲ್ಲ. ಒಂದು ದಿನ ಬಿಟ್ಟರೆ ಮಕ್ಕಳು ಹಿಂದೆ ಬೀಳುತ್ತಾರೆ ಎಂಬುದೇ ಎಲ್ಲರ ಮಾತು. ಈಗ ಪದ್ಧತಿ ಪೂರ್ತಿ ಸೀಸನ್ ದಾಟಿ ನಿಂತಿದೆ, ಮಕ್ಕಳ ಟೈಮಿಂಗೂ ಸುಧಾರಿಸಿದೆ, ಹಾಗಾಗಿ ಬರೆಯುತ್ತಿದ್ದೇನೆ. ಕ್ಲಬ್ ಆರಿಸುವುದು, ಕ್ಯಾಲೆಂಡರ್ ಆ್ಯಪ್ ಬಳಸುವುದು ಇವೆಲ್ಲ ನಿಮಗೆ ಗೊತ್ತಿರುವ ವಿಷಯ, ಬಿಟ್ಟಿದ್ದೇನೆ.

ಸಾಮಾನ್ಯವಾಗಿ ಎಲ್ಲರೂ ಕೋಚ್ ಕೊಟ್ಟ ವೇಳೆಯನ್ನು ಮೊದಲು ಬರೆದುಕೊಂಡು, ಉಳಿದ ಸಂದಿಯಲ್ಲಿ ಊಟ, ಓದು, ನಿದ್ದೆಯನ್ನು ತುರುಕುತ್ತಾರೆ. ನಾನು ಅದನ್ನು ತಿರುಗಿಸಿದೆ. ಮೊದಲು ನಿದ್ದೆಯ ಗಂಟೆ, ಆಮೇಲೆ ಖಾಲಿ ಸಂಜೆ, ಆಮೇಲೆ ಒಟ್ಟಿಗಿನ ಊಟ. ಉಳಿದದ್ದರಲ್ಲಿ ಹಿಡಿಸಿದಷ್ಟು ಆಟ.

ನಿದ್ದೆಯಿಂದ ಹಿಂದಕ್ಕೆ ಲೆಕ್ಕ ಹಾಕುವುದು ಹೀಗೆ. 6ರಿಂದ 12 ವರ್ಷದವರಿಗೆ ದಿನಕ್ಕೆ 9ರಿಂದ 12 ಗಂಟೆ, 13ರಿಂದ 18ರವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು ಎಂದು ಅಮೆರಿಕನ್ ಅಕಾಡೆಮಿ ಆಫ್ ಸ್ಲೀಪ್ ಮೆಡಿಸಿನ್ 2016ರಲ್ಲಿ ಹೇಳಿದೆ. ಹತ್ತು ವರ್ಷದ ಮಗು ಬೆಳಿಗ್ಗೆ 6ಕ್ಕೆ ಏಳಬೇಕಿದ್ದರೆ ರಾತ್ರಿ 9ಕ್ಕೆ ನಿದ್ದೆಯಲ್ಲಿರಬೇಕು. ಅಂದರೆ 8.40ಕ್ಕೆ ದೀಪ ಆರಬೇಕು. ಸ್ನಾನ, ಊಟಕ್ಕೆ 50 ನಿಮಿಷ ಕಳೆದರೆ 7.50ಕ್ಕೆ ಮನೆ ಸೇರಬೇಕು. ದಾರಿ 25 ನಿಮಿಷ, ಬಟ್ಟೆ ಬದಲಿಸಿ ಕಾರು ಹತ್ತಲು 10. ಹಾಗಾದರೆ ಕ್ಲಾಸು 7.15ಕ್ಕೆ ಮುಗಿಯಲೇಬೇಕು. 7.15 ದಾಟುವ ಯಾವ ಬ್ಯಾಚೂ ಆ ಮಗುವಿನ ಮಟ್ಟಿಗೆ ಇಲ್ಲವೇ ಇಲ್ಲ, ಅದು ಎಷ್ಟೇ ಒಳ್ಳೆಯ ಬ್ಯಾಚ್ ಆಗಿರಲಿ. ಈ ಒಂದು ಗೆರೆ ಎಳೆದ ಮೇಲೆ ನಮ್ಮ ಮುಂದಿದ್ದ ಆಯ್ಕೆಗಳಲ್ಲಿ ಅರ್ಧದಷ್ಟು ತಾನಾಗಿಯೇ ಬಿದ್ದುಹೋದವು, ಜೊತೆಗೆ ಮನೆಯ ವಾದಗಳೂ ಕಡಿಮೆಯಾದವು.

ಎರಡನೆಯದು ಬಾಗಿಲಿನಿಂದ ಬಾಗಿಲಿಗೆ ಎಣಿಸುವುದು. ಒಂದು ಗಂಟೆಯ ಕ್ಲಾಸು ಒಂದು ಗಂಟೆಯದ್ದಲ್ಲ. ಶೂ, ಚೀಲ, ನೀರಿನ ಬಾಟಲಿಗೆ 10 ನಿಮಿಷ, ದಾರಿ 25, ಮುಂಚೆ ತಲುಪುವುದು 10, ಕ್ಲಾಸು 60, ಬಟ್ಟೆ ಬದಲಿಸಿ ಕೋಚ್ ಜೊತೆ ಎರಡು ಮಾತಾಡಲು 15, ವಾಪಸ್ 25, ಚೀಲ ಖಾಲಿ ಮಾಡಿ ಸ್ನಾನ 20. ಒಟ್ಟು 165 ನಿಮಿಷ. ವಾರಕ್ಕೆ ನಾಲ್ಕು ಇಂಥ ಕ್ಲಾಸು ಎಂದರೆ 11 ಗಂಟೆ, ಅದೂ ಒಂದು ಮಗುವಿಗೆ. ಕ್ಯಾಲೆಂಡರಿನಲ್ಲಿ ನಾನು ಬರೆಯುವುದು 165ನ್ನೇ. 60 ಎಂದು ಬರೆದ ಮನೆಯಲ್ಲಿ ಗುರುವಾರದ ಹೊತ್ತಿಗೆ ಜಗಳ ಶುರುವಾಗುತ್ತದೆ, ಏಕೆಂದರೆ ಉಳಿದ 105 ನಿಮಿಷವನ್ನು ಯಾರದೋ ಕೆಲಸದ ಹೊತ್ತಿನಿಂದ ಕದ್ದಿರುತ್ತೇವೆ.

ಬಿಟ್ಟು ಮನೆಗೆ ಬಂದು ಮತ್ತೆ ಕರೆತರಲು ಹೋಗುವುದೋ, ಅಲ್ಲೇ ಕಾಯುವುದೋ ಎಂಬುದಕ್ಕೂ ಅಳತೆ ಇದೆ. ಮೇಲಿನ ಉದಾಹರಣೆಯಲ್ಲಿ ಕಾಯುವ ಹೊತ್ತು 10+60+15, ಅಂದರೆ 85 ನಿಮಿಷ. ಮನೆಗೆ ಬಂದು ಹೋಗಲು 50 ಕಳೆದರೆ ಮನೆಯಲ್ಲಿ ಸಿಗುವುದು 35. ಅದಕ್ಕಾಗಿ ಇಂಧನ ಸುಡುವುದು ದಂಡ. ಒಂದು ಕಡೆಯ ದಾರಿ ಕಾಯುವ ಹೊತ್ತಿನ ಕಾಲು ಭಾಗಕ್ಕಿಂತ ಹೆಚ್ಚಿದ್ದರೆ ಅಲ್ಲೇ ಕೂರುವುದು, ಕಡಿಮೆಯಿದ್ದರೆ ಮಾತ್ರ ವಾಪಸ್. ಕೂತ ಹೊತ್ತಿಗೆ ಬಿಲ್ ಕಟ್ಟುವುದು, ಫೋನ್ ಕರೆ, ಮುಂದಿನ ವಾರದ ಪಟ್ಟಿ ಇಂಥ ಕೆಲಸಗಳನ್ನು ಮೊದಲೇ ಮೀಸಲಿಟ್ಟಿರುತ್ತೇನೆ. ಲ್ಯಾಪ್‌ಟಾಪ್ ಕೆಲಸ ಮಾತ್ರ ಗ್ಯಾಲರಿಯಲ್ಲಿ ನಡೆಯುವುದಿಲ್ಲ. ಗದ್ದಲ, ಬೆಳಕು, ಐದು ನಿಮಿಷಕ್ಕೊಮ್ಮೆ ಯಾರಾದರೂ ಮಾತಾಡಿಸುವುದು.

ನಿಲ್ಲದ ಪದ್ಧತಿಗಳ ಬಗ್ಗೆಯೂ ಹೇಳಬೇಕು. ಗೋಡೆಯ ಬಿಳಿ ಬೋರ್ಡು ನಿಲ್ಲಲಿಲ್ಲ. ಬದಲಾವಣೆಯ ಸಂದೇಶ ಬರುವುದು ಆಫೀಸಿನಲ್ಲಿದ್ದಾಗ, ಬೋರ್ಡು ಇರುವುದು ಮನೆಯಲ್ಲಿ. ಆಟಕ್ಕೊಂದು ಕ್ಯಾಲೆಂಡರ್ ಮಾಡಿದ್ದೂ ನಿಲ್ಲಲಿಲ್ಲ. ಡಿಕ್ಕಿ ಆಗುವುದು ಆಟಗಳ ನಡುವೆ ಅಲ್ಲ, ಮನುಷ್ಯರ ನಡುವೆ. ಹಾಗಾಗಿ ಈಗ ಒಬ್ಬೊಬ್ಬರಿಗೆ ಒಂದೊಂದು ಕ್ಯಾಲೆಂಡರ್, ಕಾರಿಗೂ ಒಂದು. ಹೌದು, ಕಾರು ನಮ್ಮ ಮನೆಯ ಐದನೇ ಸದಸ್ಯ. ಕಾರಿನ ಸಾಲಿನಲ್ಲಿ ಎರಡು ಬಣ್ಣ ಒಂದರ ಮೇಲೊಂದು ಬಂದರೆ ಆ ವಾರ ಕಾರ್‌ಪೂಲ್ ಕೇಳಲೇಬೇಕು ಎಂದು ಭಾನುವಾರವೇ ಗೊತ್ತಾಗುತ್ತದೆ. ನಮೂದಿನ ಹೆಸರಲ್ಲಿ ನಾಲ್ಕು ವಿಷಯ ಇರಬೇಕು: ಯಾರು, ಏನು, ಯಾರು ಬಿಡುವುದು, ಯಾರು ಕರೆತರುವುದು. ಕೊನೆಯ ಎರಡರಲ್ಲಿ ಒಂದು ಖಾಲಿಯಿದ್ದರೂ ಆ ನಮೂದು ಕೆಂಪು ಬಣ್ಣದಲ್ಲೇ ಉಳಿಯುತ್ತದೆ.

ಕ್ಲಬ್ ಕೊಡುವ ಐಸಿಎಸ್ ಫೀಡನ್ನು, ಅಂದರೆ ಕ್ಲಬ್ಬಿನ ವೇಳಾಪಟ್ಟಿಯನ್ನು ನಮ್ಮ ಕ್ಯಾಲೆಂಡರಿಗೆ ತಾನಾಗಿ ತರುವ ಲಿಂಕನ್ನು, ಸಬ್‌ಸ್ಕ್ರೈಬ್ ಮಾಡಿ ನಿಶ್ಚಿಂತೆಯಿಂದ ಇರಬೇಡಿ. ಅದು ತಕ್ಷಣ ಹೊಸದಾಗುವುದಿಲ್ಲ, ಎಷ್ಟೋ ಗಂಟೆ ತಡವಾಗುತ್ತದೆ. ಮಳೆಗೆ ಮೈದಾನ ಮುಚ್ಚಿದ ಸುದ್ದಿ ಗುಂಪಿನ ಸಂದೇಶದಲ್ಲಿ ಬಂದಿರುತ್ತದೆ, ಫೀಡಿನಲ್ಲಿ ಪಂದ್ಯ ಇನ್ನೂ ಜೀವಂತ. ಸೀಸನ್ ಯೋಜನೆಗೆ ಫೀಡು, ಆ ದಿನದ ಮಾತಿಗೆ ಕೋಚ್ ಸಂದೇಶ. ಇನ್ನೊಂದು ತೊಡಕು, ಪ್ರತಿ ವಾರ ಮರುಕಳಿಸುವ ನಮೂದಿಗೆ ಕೊನೆಯ ದಿನಾಂಕ ಹಾಕದಿರುವುದು. ಇಡೀ ಸರಣಿಯ ವೇಳೆಯನ್ನು ಬದಲಿಸಿದಾಗ ಅಲ್ಲಲ್ಲಿ ಒಂದೊಂದು ದಿನಕ್ಕೆ ಮಾಡಿದ್ದ ಬದಲಾವಣೆಗಳು ಎಷ್ಟೋ ಆ್ಯಪ್‌ಗಳಲ್ಲಿ ಅಳಿಸಿಹೋಗುತ್ತವೆ. ಶಾಲೆಯ ಒಂದು ಟರ್ಮಿಗೆ ಒಂದು ಸರಣಿ, ಮುಗಿದ ಮೇಲೆ ಹೊಸದು.

ಕಾರ್‌ಪೂಲ್ ಮುರಿಯುವುದು ದಿನ ಹಂಚಿಕೊಂಡಾಗ. ‘ಸೋಮವಾರ ನೀವು, ಬುಧವಾರ ನಾವು’ ಎಂದರೆ ಒಂದು ತಿಂಗಳಲ್ಲಿ ಒಬ್ಬರಿಗೆ ರಜಾದಿನಗಳೆಲ್ಲ ಬಿದ್ದು, ಇನ್ನೊಬ್ಬರು ದುಡಿದು ಸುಸ್ತಾಗುತ್ತಾರೆ. ಹಂಚಿಕೊಳ್ಳಬೇಕಾದದ್ದು ಸವಾರಿಗಳನ್ನು. ಬಿಡುವುದು ಒಂದು ಸವಾರಿ, ಕರೆತರುವುದು ಒಂದು ಸವಾರಿ. ಸಂಜೆ ಕರೆತರುವುದಕ್ಕೆ ನಮ್ಮಲ್ಲಿ ಒಂದೂವರೆ ಲೆಕ್ಕ, ಏಕೆಂದರೆ ಅದರಲ್ಲಿ ಕಾಯುವುದೂ ಸೇರುತ್ತದೆ. ಮೂರು ಕುಟುಂಬ ಸರಿಯಾದ ಸಂಖ್ಯೆ. ಎರಡಾದರೆ ಒಬ್ಬರಿಗೆ ಜ್ವರ ಬಂದ ದಿನ ಎಲ್ಲ ಕುಸಿಯುತ್ತದೆ, ನಾಲ್ಕಾದರೆ ಸೀಟು ಸಾಲುವುದಿಲ್ಲ. ಸೀಟು ಎಣಿಸುವಾಗ ಬೂಸ್ಟರ್ (ಸೀಟ್ ಬೆಲ್ಟ್ ಸರಿಯಾಗಿ ಕೂರಲು ಮಗುವನ್ನು ಎತ್ತರಿಸುವ ಆಸನ) ಬೇಕಾದ ಮಕ್ಕಳನ್ನು ಬೇರೆಯಾಗಿ ಎಣಿಸಿ. ಎತ್ತರದ ಮಿತಿ ಕೆಲವು ದೇಶಗಳಲ್ಲಿ 135 ಸೆಂ.ಮೀ., ಕೆಲವೆಡೆ 150. ಬೂಸ್ಟರ್ ಯಾರ ಕಾರಿನಲ್ಲಿ ಉಳಿಯಿತು ಎಂಬುದೇ ಬೆಳಗಿನ ದೊಡ್ಡ ತಲೆನೋವು, ಹಾಗಾಗಿ ಅದು ಮಗುವಿನ ಜೊತೆ ಇಳಿಯಬೇಕು ಎಂಬುದು ನಿಯಮ. ಯಾವ ಕುಟುಂಬದ ಜೊತೆ ಸೇರಬೇಕು ಎಂದು ಮೊದಲ ವಾರದಲ್ಲೇ ತಿಳಿಯುವ ಒಂದು ಪರೀಕ್ಷೆ ನನ್ನ ಬಳಿ ಇದೆ. ಜೊತೆಯವರೂ ಇದನ್ನು ಓದುವವರೇ, ಆದ್ದರಿಂದ ಅದನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ.

ಇನ್ನು ಹಣ. ನೆನಪಿನ ಮೇಲೆ ಹೇಳುವುದಾದರೆ, ವರ್ಷದ ಒಟ್ಟು ಖರ್ಚಿನಲ್ಲಿ ಕೋಚಿಂಗ್ ಶುಲ್ಕ ಮೂರನೇ ಒಂದು ಭಾಗ ಅಷ್ಟೇ. ಅರ್ಧದ ಹತ್ತಿರ ಹೋಗುವುದು ಟೂರ್ನಿಗಳ ಪ್ರವೇಶ ಶುಲ್ಕ, ಪ್ರಯಾಣ, ವಸತಿ, ಹೊರಗಿನ ಊಟಕ್ಕೆ. ಉಳಿದದ್ದು ಸಲಕರಣೆಗೆ. ಹಾಗಾಗಿ ಶುಲ್ಕದಲ್ಲಿ ರಿಯಾಯಿತಿ ಕೇಳುವುದಕ್ಕಿಂತ ಟೂರ್ನಿ ಆರಿಸುವುದರಲ್ಲೇ ಉಳಿತಾಯ ಹೆಚ್ಚು.

ನಾಕೌಟ್‌ನಲ್ಲಿ ಮೊದಲ ಸುತ್ತಿಗೇ ಅರ್ಧ ಮಕ್ಕಳು ಹೊರಗೆ, ಎರಡನೆಯದಕ್ಕೆ ಮುಕ್ಕಾಲು ಪಾಲು. ಎರಡು ದಿನದ ಖರ್ಚಿಗೆ 25 ನಿಮಿಷದ ಆಟ ಸಿಗುವ ಸಾಧ್ಯತೆ ಅರ್ಧಕ್ಕರ್ಧ. ನಾಲ್ವರ ಗುಂಪಿರುವ ಲೀಗ್ ಮಾದರಿಯಲ್ಲಿ ಮೂರು ಪಂದ್ಯ ಖಚಿತ. ನಾನು ಒಟ್ಟು ಖರ್ಚನ್ನು ಕೋರ್ಟಿನಲ್ಲಿ ಖಚಿತವಾಗಿ ಸಿಗುವ ನಿಮಿಷಗಳಿಂದ ಭಾಗಿಸುತ್ತೇನೆ. ಚಿಕ್ಕವರಿಗೆ ಗುಂಪು ಮಾದರಿಯವೇ ಸಾಕು. ನಾಕೌಟ್ ದೂರದಲ್ಲಿದ್ದರೆ ರದ್ದು ಮಾಡಿದರೆ ಹಣ ವಾಪಸ್ ಬರುವ ವಸತಿ ಮಾತ್ರ, ಎರಡನೇ ರಾತ್ರಿಗಂತೂ ಕಡ್ಡಾಯ.

ಟೂರ್ನಿಯ ದಿನ ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂದು ಆಯೋಜಕರನ್ನು ಕೇಳಿದರೆ ಉತ್ತರ ಸಿಗುವುದಿಲ್ಲ, ಯಾರಿಗೆ ಯಾರು ಎದುರಾಳಿ ಎಂದು ತೋರಿಸುವ ಡ್ರಾ ಹಾಳೆಯಿಂದ ನಾವೇ ಲೆಕ್ಕ ಹಾಕಬಹುದು. 64ರ ಡ್ರಾದಲ್ಲಿ 63 ಪಂದ್ಯ. ನಾಲ್ಕು ಕೋರ್ಟ್ ಇದ್ದರೆ ಮೊದಲ ಸುತ್ತಿಗೆ 8 ಸರದಿ, ಎರಡನೆಯದಕ್ಕೆ 4, ಮೂರಕ್ಕೆ 2, ಕ್ವಾರ್ಟರ್, ಸೆಮಿ, ಫೈನಲ್‌ಗೆ ಒಂದೊಂದು. ಒಟ್ಟು 17 ಸರದಿ. ಸರದಿಗೆ 25 ನಿಮಿಷ ಹಿಡಿದರೆ ಏಳು ಗಂಟೆ. ಅದೇ ಕೋರ್ಟುಗಳಲ್ಲಿ ಇನ್ನೊಂದು ವಯೋಗುಂಪು ನಡೆಯುತ್ತಿದ್ದರೆ ಅದನ್ನೂ ಸೇರಿಸಿ. ಈಜಿನಲ್ಲಿ ಸ್ಪರ್ಧಿಗಳ ಸಂಖ್ಯೆಯನ್ನು ಲೇನುಗಳಿಂದ ಭಾಗಿಸಿ. 40 ಮಂದಿ, 8 ಲೇನು ಎಂದರೆ 5 ಹೀಟ್, ಅಂದರೆ ಎಂಟೆಂಟು ಮಂದಿ ಒಟ್ಟಿಗೆ ಈಜುವ 5 ಸರದಿ. ನಿಧಾನದ ಈಜುಗಾರರ ಟೈಮಿಂಗ್ 2 ನಿಮಿಷ, ನಡುವೆ ಅರ್ಧ ನಿಮಿಷ, ಹಾಗಾಗಿ ಆ ಸ್ಪರ್ಧೆಗೆ ಹನ್ನೆರಡು-ಹದಿಮೂರು ನಿಮಿಷ. ಹೀಗೆ ಕೂಡಿಸುತ್ತ ಹೋಗಿ, ಬಂದದ್ದರ ಮೇಲೆ ಐದನೇ ಒಂದು ಭಾಗ ಸೇರಿಸಿ. ನನ್ನ ಅಂದಾಜು ಅರ್ಧ ಗಂಟೆಗಿಂತ ಹೆಚ್ಚು ತಪ್ಪುವುದು ಅಪರೂಪ. ಈಗ ಬೇರೆ ಪೋಷಕರೂ ಗ್ಯಾಲರಿಯಲ್ಲಿ ನನ್ನ ಹಾಳೆ ನೋಡಿಯೇ ಊಟಕ್ಕೆ ಏಳುತ್ತಾರೆ.

ಸಲಕರಣೆಯಲ್ಲಿ ಉಳಿಸಬಾರದ್ದು ಶೂ. ಮುಂದೆ ಬೆಳೆಯುತ್ತಾನೆ ಎಂದು ಎರಡು ಸೈಜ್ ದೊಡ್ಡದು ಕೊಂಡರೆ ಹಿಮ್ಮಡಿ ಜಾರಿ ಬೊಬ್ಬೆ ಏಳುತ್ತದೆ, ತಿರುಗುವಾಗ ಕಾಲು ಒಳಗೇ ಹೊರಳುತ್ತದೆ. ಉದ್ದದ ಬೆರಳಿನ ಮುಂದೆ ಹೆಬ್ಬೆರಳಿನ ಅಗಲ, ಸುಮಾರು ಒಂದು ಸೆಂ.ಮೀ. ಜಾಗ ಸಾಕು. ಮೂರು ತಿಂಗಳಿಗೊಮ್ಮೆ ಅಳೆಯಿರಿ. ರ‍್ಯಾಕೆಟ್ ತಂತಿಗೆ ಹಳೆಯ ಟೆನಿಸ್ ಲೆಕ್ಕವೇ ಸಾಕು, ವಾರಕ್ಕೆ ಎಷ್ಟು ದಿನ ಆಟವೋ ವರ್ಷಕ್ಕೆ ಅಷ್ಟು ಸಲ ಹೊಸದು. ಬೇರೆಯವರು ಬಳಸಿದ ಕಿಟ್ ಧಾರಾಳವಾಗಿ ಕೊಳ್ಳಿ, ಹೆಲ್ಮೆಟ್ ಬಿಟ್ಟು.

ಚೀಲದ ಮೇಲೆ ಒಂದಷ್ಟು ಪ್ರಯೋಗ ನಡೆಯಿತು. ರಾತ್ರಿ ತುಂಬುವುದು, ಬೆಳಿಗ್ಗೆ ತುಂಬುವುದು ಎರಡೂ ಕೈಕೊಟ್ಟವು. ದಣಿದ ಮಗು, ಅವಸರದ ಮಗು ಇಬ್ಬರೂ ಗಾಗಲ್ಸ್ ಮರೆಯುತ್ತಾರೆ. ನಿಂತದ್ದು ಇದು: ಮನೆಗೆ ಬಂದ ಕೂಡಲೇ ಒದ್ದೆ ಬಟ್ಟೆ ಹೊರಗೆ, ಅದೇ ಕೈಯಲ್ಲಿ ಎರಡನೇ ಸೆಟ್ ಒಳಗೆ, ಜಿಪ್ ಎಳೆದು ಬಾಗಿಲ ಪಕ್ಕ. ಜಿಪ್ ಪೂರ್ತಿ ಎಳೆದಿದ್ದರೆ ಚೀಲ ಸಿದ್ಧ, ತೆರೆದಿದ್ದರೆ ಏನೋ ಕಡಿಮೆ ಎಂದರ್ಥ. ಒಬ್ಬೊಬ್ಬರಿಗೆ ಎರಡು ಸೆಟ್ ಬೇಕಾಗುತ್ತದೆ, ಆದರೆ ಮಧ್ಯರಾತ್ರಿ ಬಟ್ಟೆ ಒಗೆಯುವುದು ತಪ್ಪುತ್ತದೆ. ಬೆವರು ಹೀರುವ ಜೆರ್ಸಿಗೆ ಫ್ಯಾಬ್ರಿಕ್ ಸಾಫ್ಟ್‌ನರ್ ಹಾಕಬೇಡಿ, ಅದು ನೂಲಿನ ಮೇಲೆ ಪದರ ಕಟ್ಟಿ ಹೀರುವ ಗುಣವನ್ನೇ ಕೆಡಿಸುತ್ತದೆ. ನೆನೆದ ಫುಟ್‌ಬಾಲ್ ಬೂಟಿನೊಳಗೆ ಹಳೆಯ ಪತ್ರಿಕೆ ತುರುಕಿ ಗಾಳಿಗಿಡಿ. ಹೀಟರಿನ ಎದುರು ಇಟ್ಟರೆ ಅಂಟು ಬಿಟ್ಟು ಅಡಿ ಕಳಚುತ್ತದೆ.

ಕಾರಿನಲ್ಲಿ ಹೋಂವರ್ಕ್ ಮಾಡಿಸುವುದನ್ನೂ ಪರೀಕ್ಷಿಸಿ ನೋಡಿದೆ. ಬರೆಯುವುದು ಆಗುವುದಿಲ್ಲ, ಅಕ್ಷರ ಕೆಡುತ್ತದೆ, ತಲೆ ಸುತ್ತುತ್ತದೆ. ಬಾಯಿಪಾಠ, ಮಗ್ಗಿ, ಕಾಗುಣಿತ ಕೇಳುವುದು, ಪಾಠವನ್ನು ನನಗೆ ವಿವರಿಸಿ ಹೇಳುವುದು ಇವು ಚೆನ್ನಾಗಿ ನಡೆಯುತ್ತವೆ, ಆದರೆ ಹೋಗುವಾಗ ಮಾತ್ರ. ಬರುವಾಗ ಏನೂ ಕೇಳಬಾರದು, ಪಂದ್ಯದ ಬಗ್ಗೆಯಂತೂ ಮೊದಲೇ ಬೇಡ. ಮಗು ತಾನಾಗಿ ಬಾಯಿ ಬಿಟ್ಟರೆ ಕೇಳಿಸಿಕೊಳ್ಳುವುದು ಅಷ್ಟೇ. ಇದರಿಂದ ಊಟದ ಹೊತ್ತು ಹಗುರಾಯಿತು, ಅಷ್ಟು ಬದಲಾಗುತ್ತದೆಂದು ನಾನೂ ಎಣಿಸಿರಲಿಲ್ಲ.

ಆಡದ ಮಗು ಗ್ಯಾಲರಿಯಲ್ಲಿ ಕಳೆಯುವ ಗಂಟೆಗಳನ್ನೂ ಎಣಿಸಿ. ಅಣ್ಣನ ಟೂರ್ನಿಗೆ ತಂಗಿಯನ್ನು ಎಳೆದೊಯ್ದ ಪ್ರತಿ ಅರ್ಧ ದಿನಕ್ಕೆ ಅವಳಿಗೆ ಅಷ್ಟೇ ಹೊತ್ತು ಸಾಲವೆಂದು ಅವಳ ಕ್ಯಾಲೆಂಡರಿನಲ್ಲಿ ನಮೂದಾಗುತ್ತದೆ. ಆ ಹೊತ್ತು ಹೇಗೆ ಕಳೆಯಬೇಕು ಎಂದು ಹೇಳುವವಳು ಅವಳೇ.

ಖಾಲಿ ಸಂಜೆಗೆ ಕೋಚ್ ಒಪ್ಪುವುದಿಲ್ಲ ಎಂದು ಹೇಳುವವರು ಬಹಳ. ಕೈಯಲ್ಲಿ ಆಧಾರ ಇಟ್ಟುಕೊಂಡು ಹೋಗಿ. ಮಕ್ಕಳ ವೈದ್ಯರ ಸಂಘವಾದ ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್‌ನ 2016ರ ವರದಿಯಲ್ಲಿ ವಾರಕ್ಕೆ ಕನಿಷ್ಠ ಒಂದೆರಡು ದಿನ ಬಿಡುವು, ತಮ್ಮ ಮುಖ್ಯ ಆಟದಿಂದ ವರ್ಷದಲ್ಲಿ ಒಟ್ಟು ಮೂರು ತಿಂಗಳು, ಒಂದೊಂದು ತಿಂಗಳಂತೆ ಬಿಡುವು ಬೇಕು ಎಂದಿದೆ. ವಾರದ ತರಬೇತಿಯ ಗಂಟೆಗಳು ಮಗುವಿನ ವಯಸ್ಸಿನ ವರ್ಷಗಳನ್ನು ಮೀರಿದವರಲ್ಲಿ ಅತಿಬಳಕೆಯ ಗಂಭೀರ ಗಾಯಗಳು ಹೆಚ್ಚು ಕಂಡವು ಎಂಬ ಅಧ್ಯಯನವೂ ಇದೆ. ಹತ್ತು ವರ್ಷಕ್ಕೆ ಹತ್ತು ಗಂಟೆ, ನಮ್ಮ ಮನೆಯ ಗರಿಷ್ಠ ಅದೇ. ಕೋಚ್ ಜೊತೆ ಈ ಮಾತನ್ನು ಯಾವ ಹೊತ್ತಿನಲ್ಲಿ, ಯಾವ ಕ್ರಮದಲ್ಲಿ ಎತ್ತುತ್ತೇನೆ ಎಂಬುದನ್ನು ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಇದುವರೆಗೆ ಯಾರೂ ಇಲ್ಲ ಎಂದಿಲ್ಲ.

ಮಕ್ಕಳ ಎತ್ತರವನ್ನು ತಿಂಗಳಿಗೊಮ್ಮೆ ಗುರುತು ಹಾಕಿ. ಸರ‍್ರನೆ ಬೆಳೆಯುವ ತಿಂಗಳುಗಳಲ್ಲಿ ಮಂಡಿ ಚಿಪ್ಪಿನ ಕೆಳಗಿನ ಉಬ್ಬು ಒತ್ತಿದರೆ ನೋವು, ಹಿಮ್ಮಡಿಯ ಹಿಂದೆ ನೋವು ಸಾಮಾನ್ಯ. ಮೊದಲನೆಯದನ್ನು ವೈದ್ಯರು ಆಸ್‌ಗುಡ್ ಶ್ಲಾಟರ್ ಎನ್ನುತ್ತಾರೆ, ಎರಡನೆಯದನ್ನು ಸೆವರ್ಸ್. ಆ ದಿನಗಳಲ್ಲಿ ಜಿಗಿತ, ಓಟ ಕಡಿಮೆ ಮಾಡಿ, ನೋವು ನಿಲ್ಲದಿದ್ದರೆ ವೈದ್ಯರಿಗೆ ತೋರಿಸಿ. ನೋವಿನಲ್ಲೇ ಆಡಿಸುವ ಕೋಚ್ ಇದ್ದರೆ ಕೋಚನ್ನೇ ಬದಲಿಸಿ.

ಬಿಡುವಿನ ತಿಂಗಳಿಗೆ ಶುಲ್ಕ ಕಟ್ಟದಿರಲು ಕೆಲವು ಕ್ಲಬ್‌ಗಳಲ್ಲಿ ಸದಸ್ಯತ್ವ ತಡೆಹಿಡಿಯುವ ಅವಕಾಶ ಇರುತ್ತದೆ, ಆದರೆ ಮುಂಚಿತವಾಗಿ ತಿಳಿಸಬೇಕು. ವರ್ಷಾರಂಭದಲ್ಲೇ ಮೂರು ತಿಂಗಳನ್ನೂ ಆರಿಸಿ, ಅವುಗಳಲ್ಲಿ ಒಂದು ತಿಂಗಳು ಶಾಲೆಯ ಪರೀಕ್ಷೆಯ ಸುತ್ತಮುತ್ತ ಬೀಳುವಂತೆ ನೋಡಿ, ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ. ಮ್ಯಾನೇಜರ್ ಬದಲಾದ ದಿನ ಬಾಯಿಮಾತು ಯಾರಿಗೂ ನೆನಪಿರುವುದಿಲ್ಲ. ಕಾರ್‌ಪೂಲ್ ಗುಂಪಿಗೂ ಅದೇ ದಿನ ತಿಳಿಸಿ, ಇಲ್ಲವಾದರೆ ನೀವಿಲ್ಲದ ತಿಂಗಳಿನ ಸವಾರಿಗಳ ಲೆಕ್ಕ ಮತ್ತೆ ಶುರುವಾದಾಗ ಸರಿಹೋಗುವುದಿಲ್ಲ.