ಬೆರಳಿಗೆ ನೆನಪಿರುವ ಆಟ: ಅಭಿಮಾನಿಗಳು ಕಟ್ಟಿದ ಉಚಿತ ವಿಡಿಯೋ ಗೇಮ್‌ಗಳನ್ನು ಹುಡುಕುವುದು ಹೇಗೆ?

ನಮ್ಮ ಶಾಲೆಯ ಕಂಪ್ಯೂಟರ್ ಕೊಠಡಿಗೆ ಚಪ್ಪಲಿಯನ್ನು ಹೊರಗೆ ಬಿಟ್ಟು ಹೋಗಬೇಕಿತ್ತು. ಒಂದು ಕಂಪ್ಯೂಟರಿಗೆ ಮೂವರು. ಗಂಟೆ ಹೊಡೆಯಲು ಹತ್ತು ನಿಮಿಷವಿದೆ ಎನ್ನುವಾಗ ಮೇಷ್ಟ್ರು ‘ಸರಿ, ಆಡಿಕೊಳ್ಳಿ’ ಎಂದರೆ ಸಾಕು, ಕಪ್ಪು ಪರದೆಯ ಮೇಲೆ ‘ಪ್ರಿನ್ಸ್’ ಎಂದು ಟೈಪ್ ಮಾಡಿ ಎಂಟರ್ ಒತ್ತುತ್ತಿದ್ದೆವು. ಬಾಣದ ಕೀಲಿಗಳು ನನ್ನ ಪಾಲಿಗೆ, ಶಿಫ್ಟ್ ಕೀಲಿ ನನ್ನ ಗೆಳತಿಯ ಪಾಲಿಗೆ. ನಾನು ರಾಜಕುಮಾರನನ್ನು ಓಡಿಸಿ ಹಾರಿಸಬೇಕು. ಅವನ ಕೈ ಎದುರಿನ ಅಂಚನ್ನು ತಲುಪುವ ಹೊತ್ತಿಗೆ ಸರಿಯಾಗಿ ಅವಳು ಶಿಫ್ಟ್ ಒತ್ತಿ ಹಿಡಿಯಬೇಕು. ತಡವಾದರೆ ಅವನು ಕೆಳಗಿನ ಮೊನಚು ಸಲಾಕೆಗಳ ಮೇಲೆ. ಮೂರನೆಯವಳ ಕೆಲಸ ‘ಈಗ! ಈಗ!’ ಎಂದು ಕೂಗುವುದು.

ತೊಂಬತ್ತರ ದಶಕದಲ್ಲಿ ಬೆಳೆದ ಅನೇಕರಿಗೆ ಇಂಥದ್ದೊಂದು ಆಟವಿದೆ. ಕೆಲವರಿಗೆ ಅದು ಟಿವಿಗೆ ಜೋಡಿಸುತ್ತಿದ್ದ ಡಬ್ಬಿಯಲ್ಲಿ, ಊದಿ ಊದಿ ತೂರಿಸುತ್ತಿದ್ದ ಹಳದಿ ‘ಕ್ಯಾಸೆಟ್’ನಲ್ಲಿದ್ದ ಮಾರಿಯೋ ಅಥವಾ ಕಾಂಟ್ರಾ. ಇನ್ನು ಕೆಲವರಿಗೆ ಸೈಬರ್ ಕೆಫೆಯಲ್ಲಿ ಗಂಟೆ ಲೆಕ್ಕದಲ್ಲಿ ಆಡಿದ್ದು. ಆ ಡಬ್ಬಿಗಳು ಗುಜರಿಗೆ ಹೋದವು, ಕೆಫೆಗಳ ಜಾಗದಲ್ಲಿ ಜೆರಾಕ್ಸ್ ಅಂಗಡಿಗಳು ಬಂದವು. ಆದರೆ ಆಟಗಳನ್ನು ಬಿಟ್ಟುಕೊಡಲು ಮನಸ್ಸಿಲ್ಲದ ಜನ ಜಗತ್ತಿನ ಮೂಲೆ ಮೂಲೆಯಲ್ಲಿದ್ದಾರೆ. ಅವರು ತಮ್ಮ ಸಂಜೆಗಳನ್ನೂ ರಜೆಗಳನ್ನೂ ಕೊಟ್ಟು ಅವನ್ನು ಮತ್ತೆ ಕಟ್ಟಿ, ಒಂದು ಪೈಸೆಯನ್ನೂ ಕೇಳದೆ ಹಂಚಿದ್ದಾರೆ. ಅವರ ಮನೆಬಾಗಿಲಿಗೆ ಹೋಗುವ ದಾರಿಯನ್ನು ಹೇಳುವುದು ಈ ಲೇಖನದ ಉದ್ದೇಶ.

ಮೊದಲು ಕಾಗದದ ಮೇಲೆ

ಕಂಪ್ಯೂಟರ್ ತೆರೆಯುವ ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ಆಟದ ಹೆಸರು ನೆನಪಿದ್ದರೆ ಬರೆಯಿರಿ, ಇಲ್ಲದಿದ್ದರೂ ಚಿಂತೆಯಿಲ್ಲ. ಯಾವ ಯಂತ್ರದಲ್ಲಿ ಆಡಿದಿರಿ? ಸುಮಾರು ಯಾವ ವರ್ಷ? ಪಾತ್ರ ಪಕ್ಕದಿಂದ ಕಾಣುತ್ತಿತ್ತೋ, ಮೇಲಿನಿಂದಲೋ? ಇವೆಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ: ನಿಮ್ಮ ಬೆರಳುಗಳು ಏನು ಮಾಡುತ್ತಿದ್ದವು? ಗುಂಡಿಯನ್ನು ಪಟಪಟ ಬಡಿಯುತ್ತಿದ್ದಿರೋ, ಒತ್ತಿ ಹಿಡಿದು ಸರಿಯಾದ ಕ್ಷಣಕ್ಕೆ ಕಾಯುತ್ತಿದ್ದಿರೋ, ಮೌಸ್ ಹಿಡಿದು ರಸ್ತೆ ಎಳೆಯುತ್ತಿದ್ದಿರೋ?

ಹೆಸರು ಮರೆತವರಿಗೆ ಮೋಬಿಗೇಮ್ಸ್ ಎಂಬ ಜಾಲತಾಣವಿದೆ. 1999ರಿಂದ ಆಟಗಳ ವಿವರಗಳನ್ನು ಕಲೆಹಾಕುತ್ತಿರುವ ಕೋಶ ಅದು. ಯಂತ್ರ, ವರ್ಷ, ಆಟದ ಬಗೆ ಇಷ್ಟನ್ನು ಆರಿಸಿಕೊಂಡು ಪರದೆಯ ಚಿತ್ರಗಳನ್ನು ನೋಡುತ್ತ ಹೋಗಿ. ಚಿತ್ರ ಕಂಡ ಕೂಡಲೇ ‘ಇದೇ!’ ಎನಿಸುತ್ತದೆ. ಅಲ್ಲಿ ಸಿಕ್ಕ ಪೂರ್ತಿ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಬರೆದಿಟ್ಟುಕೊಳ್ಳಿ.

ಹೆಸರು ಸಿಕ್ಕ ಮೇಲೆ ಮೂಲ ಆಟವನ್ನೇ ಒಂದು ಸುತ್ತು ನೋಡಿಬರುವುದು ಒಳ್ಳೆಯದು. ಹಳೆಯ ಡಿಜಿಟಲ್ ಸರಕನ್ನು ಕಾಪಿಡುವ ಜಾಲತಾಣ ಇಂಟರ್ನೆಟ್ ಆರ್ಕೈವ್ 2015ರ ಜನವರಿಯಲ್ಲಿ ಸುಮಾರು 2,400 ಡಾಸ್ ಆಟಗಳನ್ನು (ವಿಂಡೋಸ್‌ಗೂ ಮೊದಲಿನ, ಕಪ್ಪು ಪರದೆಯ ಮೇಲೆ ಟೈಪ್ ಮಾಡಿ ನಡೆಸುತ್ತಿದ್ದ ವ್ಯವಸ್ಥೆಯೇ ಡಾಸ್) ಬ್ರೌಸರಿನಲ್ಲೇ ಆಡುವಂತೆ ತೆರೆದಿಟ್ಟಿತು. ಬ್ರೌಸರಿನಲ್ಲಿ ಆಟ, ಚಲಿಸುವ ಚಿತ್ರಗಳನ್ನು ಓಡಿಸುತ್ತಿದ್ದ ಅಡೋಬಿ ಫ್ಲ್ಯಾಶ್ 2020ರ ಕೊನೆಗೆ ನಿಂತುಹೋದಾಗ, ರಫಲ್ ಎಂಬ ಉಚಿತ ತಂತ್ರಾಂಶದ ನೆರವಿನಿಂದ ಫ್ಲ್ಯಾಶ್ ಆಟಗಳನ್ನೂ ಅಲ್ಲಿ ಉಳಿಸಿಕೊಂಡರು. ಹತ್ತು ನಿಮಿಷ ಆಡಿ. ನೀವು ಹುಡುಕುತ್ತಿರುವುದು ಚಿತ್ರವನ್ನೋ, ಸಂಗೀತವನ್ನೋ, ಆಟದ ಹದವನ್ನೋ ಎಂಬುದು ಆಗ ಸ್ಪಷ್ಟವಾಗುತ್ತದೆ.

ಯಾವ ಬಗೆಯ ಆಟ ಬೇಕು?

‘ಅಭಿಮಾನಿಗಳ ಆಟ’ ಎಂದರೆ ಒಂದೇ ಬಗೆಯಲ್ಲ. ಇದನ್ನು ತಿಳಿಯದೆ ಹುಡುಕಿದವರು ನಿರಾಶರಾಗುತ್ತಾರೆ. ಹಾಗಾಗಿ ಇಲ್ಲಿ ಸ್ವಲ್ಪ ನಿಂತು ಹೇಳುತ್ತೇನೆ.

ಹಳೆಯ ಆಟದ ಹದ ಕೂದಲೆಳೆಯಷ್ಟೂ ಬದಲಾಗಬಾರದು ಎನ್ನುವವರು ‘ಸೋರ್ಸ್ ಪೋರ್ಟ್’ ಎಂದು ಹುಡುಕಬೇಕು. ಆಟದ ಒಳಗಿನ ಲೆಕ್ಕಾಚಾರವನ್ನು ಹಾಗೇ ಉಳಿಸಿ, ಇಂದಿನ ಕಂಪ್ಯೂಟರಿನಲ್ಲಿ ಓಡುವಂತೆ ಮಾಡಿರುವ ರೂಪ ಅದು. ನನ್ನ ರಾಜಕುಮಾರ ನನಗೆ ಮರಳಿ ಸಿಕ್ಕಿದ್ದು ಹೀಗೆಯೇ. ಜೋರ್ಡನ್ ಮೆಕ್ನರ್ 1989ರಲ್ಲಿ ಆ್ಯಪಲ್ 2 ಕಂಪ್ಯೂಟರಿಗಾಗಿ ‘ಪ್ರಿನ್ಸ್ ಆಫ್ ಪರ್ಷಿಯಾ’ ರಚಿಸಿದರು. ತಮ್ಮನನ್ನು ಓಡಿಸಿ, ಹಾರಿಸಿ, ವಿಡಿಯೋ ತೆಗೆದು, ಒಂದೊಂದು ಭಂಗಿಯನ್ನೂ ನೋಡಿ ನೋಡಿ ಚಿತ್ರಿಸಿಕೊಂಡರು. ಆದ್ದರಿಂದಲೇ ಆ ರಾಜಕುಮಾರನಿಗೆ ಮೈಭಾರವಿದೆ. ಓಡುವಾಗ ನೀವು ಬೆರಳು ಎತ್ತಿದರೆ ಅವನು ತಟ್ಟನೆ ನಿಲ್ಲುವುದಿಲ್ಲ, ಜಾರಿಕೊಂಡು ಎರಡು ಹೆಜ್ಜೆ ಮುಂದೆ ಹೋಗಿ ನಿಲ್ಲುತ್ತಾನೆ. ಆ ಎರಡು ಹೆಜ್ಜೆಯೇ ಇಡೀ ಆಟ. ಅದನ್ನು ಲೆಕ್ಕ ಹಾಕದವನು ಹಳ್ಳಕ್ಕೆ ಬೀಳುತ್ತಾನೆ.

ಶಾಲೆಯಲ್ಲಿ ನಾವು ಆಡಿದ್ದು ಅದರ ಡಾಸ್ ರೂಪ. ಅಭಿಮಾನಿಗಳು ಆ ಡಾಸ್ ಆಟವನ್ನೇ ಸಾಲು ಸಾಲಾಗಿ ಬಿಡಿಸಿ ಓದಿ, ‘ಸಿ’ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಮತ್ತೆ ಬರೆದರು. ಅದರ ಹೆಸರು ‘ಎಸ್‌ಡಿಎಲ್‌ಪಾಪ್’. ಜಾರುವ ಹೆಜ್ಜೆ ಹಾಗೇ ಇದೆ. ಕಾಲಿಟ್ಟರೆ ಅಲುಗಾಡಿ ಉದುರುವ ಹಾಸುಗಲ್ಲು, ಅದರ ಸದ್ದು ಎಲ್ಲವೂ ಹಾಗೇ ಇವೆ. ಹೆಚ್ಚಿನ ಅನುಕೂಲವೆಂದರೆ, ಅರವತ್ತು ನಿಮಿಷದ ಗಡುವಿನಲ್ಲಿ ನಡುವೆ ಸತ್ತರೂ ಹಂತದ ಆರಂಭಕ್ಕೆ ಮರಳಬೇಕಿಲ್ಲ. ಎಫ್6 ಒತ್ತಿ ಆಟವನ್ನು ಇದ್ದಲ್ಲೇ ಉಳಿಸಿಕೊಂಡು, ಎಫ್9 ಒತ್ತಿ ಅಲ್ಲಿಂದಲೇ ಮುಂದುವರಿಯಬಹುದು.

ಹಳೆಯ ಆಟ ಬೆಳೆಯುತ್ತಲೇ ಇರಲಿ ಎನ್ನುವವರಿಗೆ ಬೇರೆ ದಾರಿಯಿದೆ. ಕ್ರಿಸ್ ಸಾಯರ್ 1994ರಲ್ಲಿ ತಂದ ‘ಟ್ರಾನ್ಸ್‌ಪೋರ್ಟ್ ಟೈಕೂನ್’ ಆಟದಲ್ಲಿ ರೈಲು, ಬಸ್ಸು, ಹಡಗುಗಳ ಸಾರಿಗೆ ಸಂಸ್ಥೆ ಕಟ್ಟಬೇಕಿತ್ತು. ಅದರ ಡೀಲಕ್ಸ್ ರೂಪವನ್ನು ಆಧರಿಸಿ 2004ರಲ್ಲಿ ಹುಟ್ಟಿದ ‘ಓಪನ್‌ಟಿಟಿಡಿ’ ಇಂದಿಗೂ ಹೊಸ ಆವೃತ್ತಿಗಳನ್ನು ಕಾಣುತ್ತಿದೆ. ಮೊದಮೊದಲು ಮೂಲ ಆಟದ ಚಿತ್ರ, ಸದ್ದುಗಳ ಕಡತಗಳಿಲ್ಲದೆ ಅದು ಓಡುತ್ತಿರಲಿಲ್ಲ. ಆಸಕ್ತರು ಕೂಡಿ ಅವನ್ನೂ ಹೊಸದಾಗಿ ರಚಿಸಿಕೊಟ್ಟ ಮೇಲೆ, 2010ರ 1.0 ಆವೃತ್ತಿಯಿಂದ ಅದು ಸ್ವಂತ ಕಾಲಿನ ಮೇಲೆ ನಿಂತಿದೆ. ಮೊದಲ ಬಾರಿಗೆ ಈ ಲೋಕಕ್ಕೆ ಕಾಲಿಡುವವರಿಗೆ ನಾನು ಸೂಚಿಸುವುದು ಇದನ್ನೇ. ಹಳೆಯ ಲ್ಯಾಪ್‌ಟಾಪಿನಲ್ಲೂ ಸರಾಗವಾಗಿ ಓಡುತ್ತದೆ, ಮೊದಲ ರೈಲು ನಿಲ್ದಾಣಕ್ಕೆ ಬಂದು ಹಣದ ಅಂಕಿ ಮೇಲೆದ್ದಾಗಿನ ಖುಷಿ ಹಾಗೇ ಇದೆ.

ಹಳೆಯ ಪಾತ್ರಗಳಿಗೆ ಹೊಸ ಲೋಕ ಕಟ್ಟಿದ ಆಟಗಳು ಮತ್ತೊಂದು ಬಗೆ. ಇವಕ್ಕೆ ‘ಫ್ಯಾನ್ ಗೇಮ್’ ಎಂದೇ ಹುಡುಕಿ. ನೀಲಿ ಮುಳ್ಳುಹಂದಿ ಸೋನಿಕ್‌ನ ಅಭಿಮಾನಿಗಳು ಇದರಲ್ಲಿ ಎಲ್ಲರಿಗಿಂತ ಮುಂದು. ‘ಸೋನಿಕ್ ರೋಬೋ ಬ್ಲಾಸ್ಟ್ 2’ 1998ರಿಂದ ಬೆಳೆಯುತ್ತಿರುವ ಉಚಿತ ಮೂರು ಆಯಾಮದ ಆಟ. ಅದರ ಅಡಿಪಾಯ ಡೂಮ್ ಎಂಬ ಹಳೆಯ ಗುಂಡು ಹಾರಿಸುವ ಆಟದ ಎಂಜಿನ್, ಅಂದರೆ ಆಟವನ್ನು ಒಳಗಿನಿಂದ ನಡೆಸುವ ತಂತ್ರಾಂಶ. ಡೂಮ್ ತಯಾರಿಸಿದವರು 1997ರಲ್ಲಿ ತಮ್ಮ ಮೂಲ ಸಂಕೇತವನ್ನು (ಸೋರ್ಸ್ ಕೋಡ್) ಜಗತ್ತಿಗೆ ಬಿಟ್ಟುಕೊಟ್ಟಿದ್ದರಿಂದ ಹುಟ್ಟಿದ ನೂರಾರು ಕೂಸುಗಳಲ್ಲಿ ಇದೂ ಒಂದು. ಸೋನಿಕ್ ಅಭಿಮಾನಿಗಳು 2000ದಿಂದ ‘ಸೇಜ್’ ಎಂಬ ಆನ್‌ಲೈನ್ ಮೇಳವನ್ನೂ ನಡೆಸಿಕೊಂಡು ಬಂದಿದ್ದಾರೆ. ಮೇಳದ ಸಮಯದಲ್ಲಿ ಅಲ್ಲಿಗೆ ಹೋದರೆ ಹತ್ತಾರು ಆಟಗಳ ಮಾದರಿಗಳನ್ನು ಇಳಿಸಿಕೊಂಡು ಆಡಿ ನೋಡಬಹುದು.

ಹಕ್ಕಿನ ಮಾತು

ಪಾತ್ರ ಇನ್ನೊಬ್ಬರದು, ಹೆಸರು ಇನ್ನೊಬ್ಬರದು. ಹಾಗಿದ್ದರೆ ಈ ಆಟಗಳ ಗತಿ ಏನು? ಅದು ಹಕ್ಕುದಾರರ ಮನಸ್ಸಿನ ಮೇಲೆ ನಿಂತಿದೆ.

2012ರ ಡಿಸೆಂಬರಿನಲ್ಲಿ ಕ್ಯಾಪ್‌ಕಾಮ್ ಕಂಪನಿ ತನ್ನ ‘ಮೆಗಾ ಮ್ಯಾನ್’ ಆಟಸರಣಿಯ 25ನೇ ವರ್ಷಾಚರಣೆಗೆ ಬಿಡುಗಡೆ ಮಾಡಿದ ಉಚಿತ ಆಟವನ್ನು ಮೊದಲು ರಚಿಸಿದ್ದು ಸಿಂಗಪುರದ ಒಬ್ಬ ಅಭಿಮಾನಿ. ಸೆಗಾ ಕಂಪನಿ 2017ರ ‘ಸೋನಿಕ್ ಮೇನಿಯಾ’ವನ್ನು ಅಭಿಮಾನಿಗಳಾಗಿ ಹೆಸರು ಮಾಡಿದ್ದವರ ಕೈಗೇ ಒಪ್ಪಿಸಿತು. ಆದರೆ 2016ರ ಆಗಸ್ಟ್ 6ರಂದು ಬಂದ ‘ಎಎಂ2ಆರ್’ ಕತೆ ಬೇರೆ. ನಿಂಟೆಂಡೊ ಕಂಪನಿಯ ಕೈಯಲ್ಲಿ ಹಿಡಿದು ಆಡುವ ಯಂತ್ರ ಗೇಮ್ ಬಾಯ್‌ನ ಹಳೆಯ ಮೆಟ್ರಾಯ್ಡ್ 2 ಆಟವನ್ನು ಅರ್ಜೆಂಟೀನಾದ ಮಿಲ್ಟನ್ ಗ್ವಾಸ್ತಿ ವರ್ಷಗಟ್ಟಲೆ ಕುಳಿತು ಬಣ್ಣ ತುಂಬಿ ಮರುರೂಪಿಸಿದ್ದರು. ಬಿಡುಗಡೆಯ ಬೆನ್ನಿಗೇ ನಿಂಟೆಂಡೊ ಕಂಪನಿಯ ನೋಟಿಸ್ ಬಂದು ಡೌನ್‌ಲೋಡ್ ಕೊಂಡಿಗಳು ಮಾಯವಾದವು. ಅದೇ ತಿಂಗಳು ಬಂದ, ಒಂಬತ್ತು ವರ್ಷಗಳ ದುಡಿಮೆಯ ‘ಪೋಕೆಮಾನ್ ಯುರೇನಿಯಂ’ ಆಟಕ್ಕೂ ಇದೇ ಆಯಿತು. ಕಾನೂನು ಕಂಪನಿಯ ಕಡೆಗಿತ್ತು, ಅದನ್ನು ಒಪ್ಪುತ್ತೇನೆ. ಆದರೂ ಅಷ್ಟು ಪ್ರೀತಿಯಿಂದ ಕಟ್ಟಿದ್ದು ಹಾಗೆ ಮರೆಯಾದಾಗ ನನಗಾದ ಸಂಕಟ ಇನ್ನೂ ಹೋಗಿಲ್ಲ.

ಆದ್ದರಿಂದ ನಿಮ್ಮ ಆಯ್ಕೆಗೆ ಒಂದು ಸರಳ ಕ್ರಮ ಇಟ್ಟುಕೊಳ್ಳಿ. ಹಕ್ಕುದಾರರೇ ಬಿಟ್ಟುಕೊಟ್ಟ ಸಂಕೇತದ ಮೇಲೆ, ಸ್ವಂತ ಚಿತ್ರ-ಸದ್ದುಗಳೊಡನೆ ನಿಂತ ಆಟಗಳಿಗೆ ಮೊದಲ ಮಣೆ. ಹಕ್ಕುದಾರರು ತಡೆಯದೆ ವರ್ಷಗಳಿಂದ ಬಹಿರಂಗವಾಗಿ ಇರುವಂಥವು ಆಮೇಲೆ. ಹಕ್ಕುದಾರರು ತೆಗೆಸಿದ್ದನ್ನು ಯಾವುದೋ ಅನಾಮಧೇಯ ಕೊಂಡಿಯಿಂದ ಇಳಿಸಿಕೊಳ್ಳಲು ಹೋಗಬೇಡಿ. ಅಲ್ಲಿ ಕಾನೂನಿನ ತೊಡಕಷ್ಟೇ ಅಲ್ಲ, ಆಟದ ವೇಷದಲ್ಲಿ ವೈರಸ್ ಬರುವ ಅಪಾಯವೂ ಇದೆ.

ಇಳಿಸಿಕೊಳ್ಳುವಾಗ

ಆಟವನ್ನು ಕಟ್ಟಿದವರ ಸ್ವಂತ ಪುಟಕ್ಕೇ ಹೋಗಿ. ಅದು ಸಾಮಾನ್ಯವಾಗಿ ಗಿಟ್‌ಹಬ್, ಇಚ್ ಡಾಟ್ ಐಒ, ಗೇಮ್ ಜೋಲ್ಟ್ ಇವುಗಳಲ್ಲಿ ಒಂದರಲ್ಲಿರುತ್ತದೆ, ಇಲ್ಲವೇ ಆಟದ್ದೇ ಜಾಲತಾಣವಿರುತ್ತದೆ. ಹುಡುಕಾಟದಲ್ಲಿ ಮೊದಲು ಕಾಣುವ ‘ಫ್ರೀ ಡೌನ್‌ಲೋಡ್’ ಪುಟಗಳನ್ನು ದಾಟಿ ಮುಂದೆ ಹೋಗಿ. ಗಿಟ್‌ಹಬ್‌ನಲ್ಲಿ ಬಲಬದಿಗೆ ‘ರಿಲೀಸಸ್’ ಎಂಬ ಪದ ಕಾಣುತ್ತದೆ. ಅದನ್ನು ಒತ್ತಿ, ವಿಂಡೋಸ್ ಎಂಬ ಹೆಸರಿರುವ ಜಿಪ್ ಕಡತವನ್ನು (ಹಲವು ಕಡತಗಳನ್ನು ಒತ್ತಿ ಕಟ್ಟಿದ ಗಂಟು) ಆರಿಸಿ. ‘ಸೋರ್ಸ್ ಕೋಡ್’ ಎಂದಿರುವುದು ಪ್ರೋಗ್ರಾಮರುಗಳಿಗೆ, ಅದು ನಿಮಗೆ ಬೇಡ.

ತೆರೆಯುವ ಮೊದಲು ಆ ಕಡತವನ್ನು ವೈರಸ್‌ಟೋಟಲ್ ಜಾಲತಾಣಕ್ಕೆ ಕೊಡಿ. ಹತ್ತಾರು ಆ್ಯಂಟಿವೈರಸ್‌ಗಳು ಒಟ್ಟಿಗೆ ಪರೀಕ್ಷಿಸಿ ಹೇಳುತ್ತವೆ. ಹೆಚ್ಚು ಜನ ಬಳಸದ ಕಡತವಾದ್ದರಿಂದ ಒಂದೆರಡು ಸುಮ್ಮನೆ ಅನುಮಾನಪಡುವುದುಂಟು. ಹೆಸರಾಂತ ಹಲವು ಆ್ಯಂಟಿವೈರಸ್‌ಗಳು ಒಟ್ಟಿಗೆ ಎಚ್ಚರಿಸಿದರೆ ಮಾತ್ರ ಮರುಮಾತಿಲ್ಲದೆ ಅಳಿಸಿಹಾಕಿ.

ಜಿಪ್ ಕಡತದ ಮೇಲೆ ಬಲಗುಂಡಿ ಒತ್ತಿ ‘ಎಕ್ಸ್‌ಟ್ರ್ಯಾಕ್ಟ್ ಆಲ್’ ಆರಿಸಿ, ಪ್ರತ್ಯೇಕ ಫೋಲ್ಡರಿಗೆ ಬಿಚ್ಚಿಕೊಳ್ಳಿ. ಜಿಪ್ಪಿನೊಳಗಿನಿಂದಲೇ ಆಟ ತೆರೆದರೆ ಅದಕ್ಕೆ ತನ್ನ ಕಡತಗಳು ಸಿಗುವುದಿಲ್ಲ, ನೀವು ಉಳಿಸಿದ ಆಟವೂ ಉಳಿಯುವುದಿಲ್ಲ. ಮೊದಲ ಬಾರಿ ವಿಂಡೋಸ್ ನೀಲಿ ಪೆಟ್ಟಿಗೆಯೊಂದನ್ನು ತೋರಿಸಿ ತಡೆಯಬಹುದು. ಹವ್ಯಾಸಿಗಳು ದುಡ್ಡು ಕೊಟ್ಟು ಪ್ರಮಾಣಪತ್ರ ಪಡೆದಿರುವುದಿಲ್ಲ, ಅದಕ್ಕೇ ಈ ತಡೆ. ಮೇಲಿನ ಪರೀಕ್ಷೆ ಮುಗಿಸಿದ್ದರೆ ‘ಮೋರ್ ಇನ್ಫೋ’ ಒತ್ತಿ ಮುಂದುವರಿಯಿರಿ. ಆ್ಯಂಟಿವೈರಸ್ ಬಂದ್ ಮಾಡಿ ಎಂದು ಹೇಳುವ ಆಟವನ್ನಾಗಲಿ, ಮೊಬೈಲ್ ಸಂಖ್ಯೆ, ಒಟಿಪಿ ಕೇಳುವ ಆಟವನ್ನಾಗಲಿ ಹತ್ತಿರ ಸೇರಿಸಬೇಡಿ.

ಪರದೆಯನ್ನು ಹದಗೊಳಿಸುವುದು

ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ, ಆಮೇಲೆ ‘ಏನೋ ಸರಿಯಿಲ್ಲ’ ಎನ್ನುತ್ತಾರೆ. ಡಾಸ್ ಕಾಲದ ಆಟಗಳ ಚಿತ್ರ 320 ಅಡ್ಡ, 200 ಉದ್ದದ ಚುಕ್ಕಿಗಳದು. ಆಗಿನ ಚೌಕಾಕಾರದ ಮಾನಿಟರು ಅದನ್ನು ಮೇಲೆ ಕೆಳಗೆ ಕೊಂಚ ಎಳೆದು ತೋರಿಸುತ್ತಿತ್ತು. ಇಂದಿನ ಪರದೆಯಲ್ಲಿ ಎಳೆಯದೆ ತೋರಿಸಿದರೆ ರಾಜಕುಮಾರ ಗಿಡ್ಡನಾಗಿ, ದಪ್ಪಗೆ ಕಾಣುತ್ತಾನೆ. ಎಸ್‌ಡಿಎಲ್‌ಪಾಪ್‌ನ ಫೋಲ್ಡರಿನಲ್ಲಿ ‘ಐಎನ್‌ಐ’ ಎಂದು ಕೊನೆಯಾಗುವ ಕಡತವಿದೆ. ಅದನ್ನು ನೋಟ್‌ಪ್ಯಾಡಿನಲ್ಲಿ ತೆರೆದು, ‘ಕರೆಕ್ಟ್ ಆಸ್ಪೆಕ್ಟ್ ರೇಷಿಯೋ’ ಎಂಬ ಪದಗಳಿರುವ ಸಾಲು ಹುಡುಕಿ, ‘ಫಾಲ್ಸ್’ ಇರುವಲ್ಲಿ ‘ಟ್ರೂ’ ಎಂದು ಬರೆದು ಉಳಿಸಿ. ಮತ್ತೆ ತೆರೆದು ನೋಡಿ, ನೀಳ ಕಾಲಿನ ಆ ಹುಡುಗ ಬಂದಿರುತ್ತಾನೆ.

ಹಳೆಯ ದೋಷಗಳನ್ನು ಸರಿಪಡಿಸುವ ಆಯ್ಕೆಗಳೂ ಅದೇ ಕಡತದಲ್ಲಿವೆ. ಮೊದಲ ಸಲ ಅವನ್ನು ಮುಟ್ಟದೆ ಆಡಿ. ಟಿವಿ ಡಬ್ಬಿಯಲ್ಲಿ ಆಡಿದವರು ಯುಎಸ್‌ಬಿ ಗೇಮ್‌ಪ್ಯಾಡ್ ಜೋಡಿಸಿಕೊಳ್ಳುವುದು ಒಳ್ಳೆಯದು. ಕೀಬೋರ್ಡಿನಲ್ಲಿ ಕಲಿತವರಿಗೆ ಕೀಬೋರ್ಡೇ ಸರಿ.

ಆಟ ಹಿಡಿಸಿದರೆ ಕಟ್ಟಿದವರ ಪುಟದಲ್ಲಿ ಎರಡು ಸಾಲು ಬರೆಯಿರಿ. ಅವರಿಗೆ ಸಿಗುವ ಸಂಬಳ ಅದೊಂದೇ. ಎಲ್ಲಾದರೂ ಆಟ ಕೆಟ್ಟು ನಿಂತರೆ ಯಾವ ಹಂತದಲ್ಲಿ, ಏನು ಮಾಡುವಾಗ ನಿಂತಿತು ಎಂದು ವಿವರವಾಗಿ ತಿಳಿಸಿ, ಅದನ್ನು ಅವರು ಉಡುಗೊರೆಯಂತೆ ಸ್ವೀಕರಿಸುತ್ತಾರೆ. ಗೆಳೆಯರಿಗೆ ಕಳುಹಿಸುವಾಗ ಕಡತವನ್ನು ಕಳುಹಿಸಬೇಡಿ, ಪುಟದ ಕೊಂಡಿ ಕಳುಹಿಸಿ. ಹೊಸ ಆವೃತ್ತಿ ಬಂದಾಗ ಅವರಿಗೂ ಗೊತ್ತಾಗುತ್ತದೆ.

ಕಳೆದ ದೀಪಾವಳಿಗೆ ಆ ಶಾಲೆಯ ಗೆಳತಿ ಮನೆಗೆ ಬಂದಿದ್ದಳು. ಲ್ಯಾಪ್‌ಟಾಪ್ ತೆರೆದಿಟ್ಟೆ, ಏನನ್ನೂ ಹೇಳಲಿಲ್ಲ. ಸೆರೆಮನೆಯ ಬಾಗಿಲು ಧಡ್ ಎಂದು ಮುಚ್ಚಿ ರಾಜಕುಮಾರ ನೆಲಕ್ಕೆ ಇಳಿಯುತ್ತಿದ್ದಂತೆ ಕುರ್ಚಿ ಎಳೆದುಕೊಂಡು ಎಡಕ್ಕೆ ಕುಳಿತಳು. ಅವಳ ಕಿರುಬೆರಳು ಆಗಲೇ ಶಿಫ್ಟ್ ಮೇಲಿತ್ತು. ಎಂಟನೆಯ ಹಂತಕ್ಕೆ ಬರುವಾಗ ರಾತ್ರಿ ಹನ್ನೊಂದು ಗಂಟೆ. ದಾರಿ ಮುಚ್ಚಿಹೋಗಿ ನಾವಿಬ್ಬರೂ ಕೈಕಟ್ಟಿ ಕಾಯುತ್ತಿದ್ದೆವು. ರಾಜಕುಮಾರಿ ಕಳಿಸಿದ ಬಿಳಿ ಇಲಿ ಪುಟುಪುಟು ಓಡಿ ಬಂತು, ಗುಂಡಿಯನ್ನು ತುಳಿಯಿತು, ಬಾಗಿಲು ಮೇಲೆದ್ದಿತು.